ಬೇಕರಿಯ ಗಾಜಿನ ಕಿಟಕಿಗೆ ಬ್ರೆಡ್ ಶಿಲ್ಪ: ನಾಲ್ಕು ಬಗೆಯ ಹಿಟ್ಟಿನಲ್ಲಿ ಯಾವುದು?

ಬಡಾವಣೆಯ ಬೇಕರಿಯೊಂದು ತನ್ನ ಗಾಜಿನ ಕಿಟಕಿಯಲ್ಲಿ ಹಿಟ್ಟಿನ ಮೊಸಳೆಯನ್ನೋ ತೆನೆಯ ಸಿವುಡನ್ನೋ ಇಡಲು ಹೊರಟಾಗ ಸಾಮಾನ್ಯವಾಗಿ ಮೊದಲು ಚರ್ಚೆಗೆ ಬರುವುದು ಆಕಾರ. ಆದರೆ ಆಕಾರಕ್ಕಿಂತ ಮುಂಚೆ ಎರಡು ಸಂಗತಿಗಳು ತೀರ್ಮಾನವಾಗಬೇಕು: ಆ ಶಿಲ್ಪ ಎಷ್ಟು ದಿನ ಅಲ್ಲಿರಬೇಕು, ಕೊನೆಗೆ ಅದನ್ನು ಯಾರಾದರೂ ತಿನ್ನಬೇಕೇ ಬೇಡವೇ. ಇವೆರಡಕ್ಕೆ ಉತ್ತರ ಸಿಕ್ಕಿದರೆ ಯಾವ ಹಿಟ್ಟು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ, ಹಿಟ್ಟು ಗೊತ್ತಾದ ಮೇಲೆ ಅದರಲ್ಲಿ ಯಾವ ಆಕಾರ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದೂ ಸ್ಪಷ್ಟವಾಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದವರ ಕಿಟಕಿಯಲ್ಲಿ ಮೂರನೆಯ ದಿನಕ್ಕೆ ಕಿವಿ ಉದುರಿದ ಮೊಲ ಕುಳಿತಿರುತ್ತದೆ.

ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕ್ ಪ್ರದರ್ಶನವನ್ನು ನೋಡಿದವರಿಗೆ ತಿನಿಸಿನಿಂದ ಮಾಡಿದ ಬೃಹತ್ ಶಿಲ್ಪಗಳು ಹೊಸವಲ್ಲ. ಅವು ಬಹುಪಾಲು ಸಕ್ಕರೆಯ ಕೆಲಸ. ಇಲ್ಲಿ ಹೇಳುತ್ತಿರುವುದು ಮೈದಾ, ರವೆ ಮತ್ತು ಗೋಧಿಹಿಟ್ಟನ್ನು ನಾದಿ, ತಿದ್ದಿ, ಓವನ್ನಿನಲ್ಲಿ ಬೇಯಿಸಿದ ಶಿಲ್ಪಗಳ ವಿಷಯ. ಈ ಕಲೆ ಬೆಳೆದದ್ದು ಯುರೋಪಿನ ಮತ್ತು ಅಮೆರಿಕದ ಬೇಕರಿಗಳಲ್ಲಿ. ಆದ್ದರಿಂದ ಅಲ್ಲಿನ ಉದಾಹರಣೆಗಳನ್ನೇ ಮುಂದಿಟ್ಟುಕೊಂಡು ನಾಲ್ಕು ಬಗೆಯ ಹಿಟ್ಟನ್ನು ಹೋಲಿಸಿ, ನಮ್ಮ ಹವೆಗೆ ಅವು ಹೇಗೆ ಒಗ್ಗುತ್ತವೆ ಎಂಬುದನ್ನೂ ಜೊತೆಜೊತೆಗೆ ನೋಡೋಣ. ಆ ನಾಲ್ಕು ಬಗೆಗಳು ಇವು: ಮಾಮೂಲಿ ಬ್ರೆಡ್ಡಿನಂತೆ ಚೆನ್ನಾಗಿ ಉಬ್ಬುವ ಹಿಟ್ಟು, ಈಸ್ಟ್ ತೀರ ಕಡಿಮೆ ಹಾಕಿದ ಗಟ್ಟಿ ಹಿಟ್ಟು, ಈಸ್ಟೇ ಇಲ್ಲದ ಸಕ್ಕರೆ ಪಾಕದ ಹಿಟ್ಟು ಮತ್ತು ಉಪ್ಪಿನ ಹಿಟ್ಟು.

ಉಬ್ಬುವ ಹಿಟ್ಟು: ಇಂದು ಕಿಟಕಿಯಲ್ಲಿ, ಸಂಜೆ ಗಿರಾಕಿಯ ಕೈಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದ ಫಿಶರ್‌ಮನ್ಸ್ ವಾರ್ಫ್ ಬಳಿ ಇರುವ ಬುಡೀನ್ ಬೇಕರಿ 1849ರಲ್ಲಿ, ಚಿನ್ನದ ಬೇಟೆಯ ಕಾಲದಲ್ಲಿ, ಆರಂಭವಾದದ್ದು. ಸೌರ್‌ಡೋ ಎಂದು ಕರೆಯುವ ಹುಳಿಹಿಟ್ಟಿನಿಂದ ಆಮೆ, ಮೊಸಳೆ, ಏಡಿ, ಕರಡಿಮರಿಗಳನ್ನು ಮಾಡುವುದು ಅಲ್ಲಿ ನಿತ್ಯದ ಕೆಲಸವಾಗಿದ್ದು, ಬೀದಿಯಲ್ಲಿ ನಿಂತವರು ಗಾಜಿನಾಚೆಗೆ ಅದನ್ನು ನೋಡಬಹುದು. ಅಲ್ಲಿನ ಪ್ರದರ್ಶನವೆಂದರೆ ಹಳೆಯ ಶಿಲ್ಪವೊಂದನ್ನು ಕಾಪಾಡಿ ಇಡುವುದಲ್ಲ. ಮಾಡುವ ಕೆಲಸವೇ ಪ್ರದರ್ಶನ, ಮಾಡಿದ್ದು ಮಾರಾಟಕ್ಕೆ. ಸ್ವಿಟ್ಜರ್ಲೆಂಡಿನ ಬೇಕರಿಗಳಲ್ಲಿ ಡಿಸೆಂಬರ್ 6ರ ಸಂತ ನಿಕೋಲಸ್ ದಿನದ ಆಸುಪಾಸಿನಲ್ಲಿ ಕಾಣುವ ಗ್ರಿಟ್ಟಿಬೆನ್ಜ್ ಕೂಡ ಇದೇ ಜಾತಿಯದು. ಹಾಲು ಮತ್ತು ಬೆಣ್ಣೆ ಸೇರಿಸಿದ ಸಿಹಿ ಹಿಟ್ಟನ್ನು ಕತ್ತರಿಯಿಂದ ಸೀಳಿ ಕೈಕಾಲು ಮಾಡಿ, ಒಣದ್ರಾಕ್ಷಿಯ ಕಣ್ಣಿಟ್ಟು ಬೇಯಿಸಿದ ಈ ಪುಟ್ಟ ಮನುಷ್ಯ ಮಕ್ಕಳ ಬೆಳಗಿನ ತಿಂಡಿಗೆ ಹೋಗುತ್ತಾನೆ.

ಈ ಹಿಟ್ಟಿನ ದೊಡ್ಡ ಅನುಕೂಲ ಲೆಕ್ಕಾಚಾರದ್ದು. ಬೇರೆ ಹಿಟ್ಟು ಕಲಸಬೇಕಾಗಿಲ್ಲ, ಬೇರೆ ಓವನ್ ಸಮಯ ಬೇಕಾಗಿಲ್ಲ, ಬೆಳಿಗ್ಗೆ ಬನ್ನಿಗೆಂದು ನಾದಿದ ಹಿಟ್ಟಿನಲ್ಲೇ ಒಂದು ಭಾಗ ತೆಗೆದು ತಿದ್ದಿದರೆ ಸಾಕು. ಮಾರಿದರೆ ಬೆಲೆಯೂ ಬನ್ನಿಗಿಂತ ಹೆಚ್ಚು ಸಿಗುತ್ತದೆ. ಕಷ್ಟವಿರುವುದು ರೂಪದಲ್ಲಿ. ಓವನ್ನಿಗೆ ಹೋದ ಮೊದಲ ಹತ್ತು ನಿಮಿಷಗಳಲ್ಲಿ ಹಿಟ್ಟಿನೊಳಗಿನ ಅನಿಲ ಹಿಗ್ಗಿ, ಈಸ್ಟ್ ಸಾಯುವ ಮುನ್ನ ಕೊನೆಯ ಬಾರಿ ಚುರುಕಾಗಿ, ನೀರು ಆವಿಯಾಗತೊಡಗಿ, ಶಿಲ್ಪ ಒಮ್ಮೆಲೇ ಊದಿಕೊಳ್ಳುತ್ತದೆ. ಆಗ ಆಳವಾಗಿ ಕೆತ್ತದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ, ಸಣ್ಣ ಮೂಗು ಕೆನ್ನೆಯೊಳಗೆ ಸೇರಿಬಿಡುತ್ತದೆ. ಅನುಭವಿ ಬೇಕರಿಗಳು ಇದಕ್ಕಾಗಿಯೇ ಮೊಸಳೆ, ಆಮೆ, ಮುಳ್ಳುಹಂದಿಗಳಂಥ ಪ್ರಾಣಿಗಳನ್ನು ಆರಿಸಿಕೊಳ್ಳುತ್ತವೆ. ದಪ್ಪ ಮೈ, ಬೆನ್ನ ಮೇಲೆ ಕತ್ತರಿಯಿಂದ ಎತ್ತಿದ ಮುಳ್ಳುಗಳು, ಸಣ್ಣ ಕಾಲು: ಉಬ್ಬುವಿಕೆ ಇಂಥ ಆಕಾರಗಳಿಗೆ ಕೆಡುಕು ಮಾಡುವ ಬದಲು ಜೀವ ತುಂಬುತ್ತದೆ. ಜಿಂಕೆಯ ಕಾಲು, ನವಿಲಿನ ಕತ್ತು, ಮನುಷ್ಯನ ಮುಖದ ಭಾವ ಈ ಹಿಟ್ಟಿನ ಕೆಲಸವಲ್ಲ. ಅದಕ್ಕೆ ಹಟ ಹಿಡಿಯುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಇದೇ ಗುಂಪಿನಲ್ಲಿ ಒಂದು ಅಪವಾದವನ್ನು ಹೇಳಲೇಬೇಕು. ಇಟಲಿಯ ಸಾರ್ಡೀನಿಯಾ ದ್ವೀಪದ ಕೊಕ್ಕೊಯಿ ಪಿಂತಾವು ಎಂಬ ಬ್ರೆಡ್ಡನ್ನು ಮದುವೆಗೂ ಈಸ್ಟರಿಗೂ ಮಾಡುತ್ತಾರೆ. ಡ್ಯೂರಮ್ ಗೋಧಿಯ ನುಣುಪು ರವೆಯನ್ನು ಬಹಳ ಹೊತ್ತು ನಾದಿ, ಗಟ್ಟಿಯಾಗಿಯೇ ಇಟ್ಟು, ಸಣ್ಣ ಕತ್ತರಿ, ಚೂರಿ, ಚಿಮಟಗಳಿಂದ ಹೂವು, ಹಕ್ಕಿ, ಕಿರೀಟದಂಥ ಅಂಚುಗಳನ್ನು ಎತ್ತುತ್ತಾರೆ. ಅದು ತಿನ್ನುವ ಬ್ರೆಡ್ಡೇ ಆದರೂ ಕುಸುರಿ ಮುಚ್ಚಿಹೋಗುವುದಿಲ್ಲ, ಏಕೆಂದರೆ ಹಿಟ್ಟಿನಲ್ಲಿ ನೀರು ಕಡಿಮೆ. ನಮ್ಮಲ್ಲಿ ಸಿಗುವ ಚಿರೋಟಿ ರವೆ ಡ್ಯೂರಮ್ ಗೋಧಿಯದಲ್ಲದಿದ್ದರೂ ಅದನ್ನು ಮೈದಾದೊಂದಿಗೆ ಬೆರೆಸಿ ಗಟ್ಟಿಯಾಗಿ ನಾದಿದರೆ ಕತ್ತರಿಯ ಕೆಲಸ ಬರಿಯ ಮೈದಾಕ್ಕಿಂತ ಚೊಕ್ಕವಾಗಿ ನಿಲ್ಲುತ್ತದೆ.

ಕಿಟಕಿಯಲ್ಲಿ ಇದರ ಆಯುಸ್ಸು ಎರಡು ಮೂರು ದಿನ. ಮಳೆಗಾಲದಲ್ಲಿ ಅದಕ್ಕೂ ಕಡಿಮೆ, ಏಕೆಂದರೆ ಹೊರಗೆ ಗರಿಗರಿಯಾಗಿದ್ದರೂ ಒಳಗಿನ ತಿರುಳಿನಲ್ಲಿ ನೀರು ಉಳಿದಿರುತ್ತದೆ ಮತ್ತು ಬೂಷ್ಟಿಗೆ ಅಷ್ಟು ಸಾಕು.

ಕಡಿಮೆ ಈಸ್ಟಿನ ಗಟ್ಟಿ ಹಿಟ್ಟು: ತೆನೆಯ ಸಿವುಡು

ಬೇಕರಿಯ ಕಿಟಕಿಗೆಂದೇ ಹುಟ್ಟಿದ ರೂಪ ಯಾವುದಾದರೂ ಇದ್ದರೆ ಅದು ಇಂಗ್ಲೆಂಡಿನ ಸುಗ್ಗಿಯ ಬ್ರೆಡ್. ಗೋಧಿಯ ತೆನೆಗಳನ್ನು ಕಟ್ಟಿ ನಿಲ್ಲಿಸಿದ ಸಿವುಡಿನ ಆಕಾರ, ನಡುವೆ ಜಡೆ ಹೆಣೆದ ಕಟ್ಟು, ಕಡ್ಡಿಗಳ ಮೇಲೆ ಏರುತ್ತಿರುವ ಒಂದು ಪುಟ್ಟ ಇಲಿ. ಇಂದು ಅಲ್ಲಿನ ಚರ್ಚುಗಳಲ್ಲಿ ನಡೆಯುವ ಸುಗ್ಗಿಯ ಆರಾಧನೆಯ ರೂಪಕ್ಕೆ 1843ರಲ್ಲಿ ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಗ್ರಾಮದಲ್ಲಿ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ನಡೆಸಿದ ವಿಶೇಷ ಪೂಜೆ ಮೊದಲೆಂದು ಹೇಳುವುದು ವಾಡಿಕೆ. ಹೊಸ ಗೋಧಿಯ ಬ್ರೆಡ್ಡನ್ನು ಆಗಸ್ಟ್ 1ರಂದು ಚರ್ಚಿಗೆ ಒಪ್ಪಿಸುವ ಪದ್ಧತಿ ಅದಕ್ಕಿಂತ ಬಹಳ ಹಳೆಯದು. ಆರಾಧನೆಗೆಂದು ಬೇಕರಿಯವರು ಮಾಡಿಕೊಡುವ ಸಿವುಡು ಅದಕ್ಕೆ ಮುಂಚೆ ಕೆಲವು ದಿನ ಅಂಗಡಿಯ ಕಿಟಕಿಯಲ್ಲೂ ಇರುತ್ತದೆ.

ಇದಕ್ಕೆ ಬೇಕಾದ ಹಿಟ್ಟು ಸರಳ. ಒಂದು ಕಿಲೋ ಮೈದಾಕ್ಕೆ ಸುಮಾರು ಅರ್ಧ ಲೀಟರ್ ನೀರು, 15ರಿಂದ 20 ಗ್ರಾಂ ಉಪ್ಪು, ಒಣ ಈಸ್ಟ್ ಮೂರರಿಂದ ಐದು ಗ್ರಾಂ. ಮಾಮೂಲಿ ಬ್ರೆಡ್ಡಿಗೆ ಹಾಕುವ ನೀರಿಗಿಂತ ಇದು ಕಡಿಮೆ, ಈಸ್ಟಂತೂ ಅರ್ಧಕ್ಕೂ ಕಡಿಮೆ. ಈಸ್ಟ್ ಪೂರ್ತಿ ಬಿಟ್ಟರೆ ಹಿಟ್ಟು ಕಲ್ಲಿನಂತಾಗಿ ದಪ್ಪ ಭಾಗಗಳು ಒಣಗುವಾಗ ಬಿರಿಯುತ್ತವೆ, ಹೆಚ್ಚು ಹಾಕಿದರೆ ತೆನೆಯ ಕಾಳುಗಳು ಒಂದರೊಳಗೊಂದು ಕರಗಿಹೋಗುತ್ತವೆ. ನಾದಿದ ಮೇಲೆ ಮುಚ್ಚಿಟ್ಟು ಕನಿಷ್ಠ ಒಂದು ಗಂಟೆ ಬಿಡಲೇಬೇಕು. ಹೊಸದಾಗಿ ನಾದಿದ ಮೈದಾದಲ್ಲಿ ಗ್ಲುಟೆನ್, ಅಂದರೆ ಗೋಧಿಯ ಎಳೆಯುವ ಅಂಟು, ಬಿಗಿಯಾಗಿರುತ್ತದೆ. ಲಟ್ಟಿಸಿದ್ದು ರಬ್ಬರಿನ ಹಾಗೆ ಹಿಂದಕ್ಕೆ ಸೇರಿಕೊಳ್ಳುತ್ತದೆ, ಎಳೆದ ಕಡ್ಡಿ ಮೊಟಕಾಗುತ್ತದೆ.

ಕಟ್ಟುವ ಕ್ರಮ ಹೀಗೆ. ಹಿಟ್ಟಿನ ಮೂರನೆಯ ಒಂದು ಭಾಗವನ್ನು ಟ್ರೇಯ ಮೇಲೆಯೇ ಅರ್ಧ ಇಂಚಿಗಿಂತ ತೆಳ್ಳಗೆ ಲಟ್ಟಿಸಿ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ, ಹೆಚ್ಚುಕಡಿಮೆ ಅಣಬೆಯ ಆಕಾರಕ್ಕೆ ಕತ್ತರಿಸಿಕೊಳ್ಳಬೇಕು. ಫೋರ್ಕಿನಿಂದ ಎಲ್ಲ ಕಡೆ ಚುಚ್ಚಬೇಕು, ಇಲ್ಲದಿದ್ದರೆ ತಳ ಅಲ್ಲಲ್ಲಿ ಗುಳ್ಳೆಯೇಳುತ್ತದೆ. ಕೆಳಗಿನ ಕಿರಿದಾದ ಭಾಗದ ಮೇಲೆ ಪೆನ್ಸಿಲಿಗಿಂತ ತೆಳುವಾಗಿ ಹೊಸೆದ ಮೂವತ್ತರಷ್ಟು ಎಳೆಗಳನ್ನು ನೀರು ಸವರಿ ಒತ್ತೊತ್ತಾಗಿ ಜೋಡಿಸಬೇಕು; ಇವು ಗೋಧಿಯ ಕಡ್ಡಿಗಳು. ಮೇಲಿನ ಭಾಗಕ್ಕೆ ತೆನೆಗಳು. ಐದಾರು ಗ್ರಾಮಿನ ಉಂಡೆಗಳನ್ನು ಬೆರಳುದ್ದಕ್ಕೆ ಹೊಸೆದು, ಚೂಪಾದ ಸಣ್ಣ ಕತ್ತರಿಯ ತುದಿಯಿಂದ ಬೆನ್ನ ಮೇಲೆ ಎರಡು ಮೂರು ಸಾಲು ಸೀಳಿದರೆ ಪ್ರತಿ ಸೀಳೂ ಒಂದು ಕಾಳಿನಂತೆ ಮೇಲೇಳುತ್ತದೆ. ಹೊರಗಿನ ಅಂಚಿನಿಂದ ಆರಂಭಿಸಿ ಒಳಕ್ಕೆ ಬರಬೇಕು, ತೆನೆಯ ತುದಿಗಳು ಅಂಚನ್ನು ದಾಟಿ ಸ್ವಲ್ಪ ಹೊರಚಾಚಬೇಕು. ನೂರರ ಹತ್ತಿರ ತೆನೆಗಳು ಬೇಕಾಗುತ್ತವೆ, ಅರವತ್ತಕ್ಕೇ ನಿಲ್ಲಿಸಿದ ಸಿವುಡು ಬಡಕಲಾಗಿ ಕಾಣುತ್ತದೆ. ಕೊನೆಗೆ ಮೂರೆಳೆಯ ಜಡೆಯಿಂದ ಸೊಂಟಕಟ್ಟು, ಇಷ್ಟವಿದ್ದರೆ ಇಲಿ.

ಬೇಯಿಸುವುದು ಎರಡು ಹಂತದಲ್ಲಿ. ಮೊಟ್ಟೆ ಸವರಿ 220 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಬಣ್ಣ ಬರುವವರೆಗೆ. ಆಮೇಲೆ ಮತ್ತೊಮ್ಮೆ ಸವರಿ 160 ಡಿಗ್ರಿಗೆ ಇಳಿಸಿ ಇನ್ನರ್ಧ ಗಂಟೆ. ಮೊಟ್ಟೆ ಬಳಸದ ಬೇಕರಿಗಳು ಹಾಲು ಸವರಬಹುದು, ಹೊಳಪು ಸ್ವಲ್ಪ ಮಂಕಾಗಿರುತ್ತದೆ ಅಷ್ಟೆ. ತಿನ್ನುವುದಿದ್ದರೆ ಇಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ಇಡುವುದಿದ್ದರೆ 110ರಿಂದ 120 ಡಿಗ್ರಿಯಲ್ಲಿ ಆರೇಳು ಗಂಟೆ ಒಣಗಿಸಬೇಕು. ದಿನದ ಕೆಲಸ ಮುಗಿದು ಓವನ್ ತಾನಾಗಿ ಆರುವ ರಾತ್ರಿಯ ಬಿಸಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಒಣಗಿದೆಯೇ ಎಂದು ತಿಳಿಯಲು ತೂಕ ನೋಡುವುದೇ ನಂಬಿಕೆಯ ಉಪಾಯ: ಗಂಟೆಗೊಮ್ಮೆ ತೂಗಿದಾಗ ತೂಕ ಇಳಿಯುವುದು ನಿಂತರೆ ಒಳಗಿನ ನೀರು ಹೋಗಿದೆ ಎಂದರ್ಥ. ಬಡಿದರೆ ಬರುವ ಸದ್ದನ್ನು ನಂಬಿ ತೆಗೆದವರ ಸಿವುಡಿನ ತಳದಲ್ಲಿ ಎರಡನೆಯ ವಾರದಲ್ಲಿ ಹಸಿರು ಬೂಷ್ಟು ಕಾಣಿಸಿಕೊಂಡರೆ ಅಚ್ಚರಿಯಿಲ್ಲ.

ನನ್ನ ದೃಷ್ಟಿಯಲ್ಲಿ ಸಣ್ಣ ಬೇಕರಿಯ ಮೊದಲ ಶಿಲ್ಪ ಇದೇ ಆಗಬೇಕು. ಇದು ಟ್ರೇಯ ಮೇಲೆ ಮಲಗಿ ಬೇಯುವುದರಿಂದ ಕುಸಿಯುವ ಭಯವಿಲ್ಲ, ಒಂದೇ ಬಗೆಯ ಸಣ್ಣ ಕೆಲಸವನ್ನು ನೂರು ಸಲ ಮಾಡುವುದರಿಂದ ಶಿಲ್ಪಿಯ ಕೈಚಳಕಕ್ಕಿಂತ ತಾಳ್ಮೆ ಸಾಕು, ನಾಲ್ಕಾರು ತೆನೆ ಸೊಟ್ಟಗಾದರೂ ಒಟ್ಟು ನೋಟ ಕೆಡುವುದಿಲ್ಲ. ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು ಕ್ರೈಸ್ತರು ಆಚರಿಸುವ ತೆನೆಹಬ್ಬ, ಅಂದರೆ ಮೊಂತಿ ಫೆಸ್ತ್, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ಹಬ್ಬ. ಕೊಡಗಿನ ಪುತ್ತರಿಯಲ್ಲಿ ಕದಿರು ಕೊಯ್ದು ತರುತ್ತಾರೆ. ಆ ದಿನಗಳಲ್ಲಿ ಮಂಗಳೂರಿನ ಅಥವಾ ಮಡಿಕೇರಿಯ ಬೇಕರಿಯ ಕಿಟಕಿಯಲ್ಲಿ ಬಾಗಿದ ಭತ್ತದ ತೆನೆಗಳ ಸಿವುಡು ಇದ್ದರೆ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಭತ್ತದ ತೆನೆ ಗೋಧಿಯದರ ಹಾಗೆ ನೆಟ್ಟಗೆ ನಿಲ್ಲುವುದಿಲ್ಲವಾದ್ದರಿಂದ ಎಳೆಗಳನ್ನು ಹೊರಕ್ಕೆ ಬಾಗಿಸಿ ಅಂಟಿಸಬೇಕು ಎಂಬುದಷ್ಟೇ ವ್ಯತ್ಯಾಸ.

ಪಾಕದ ಹಿಟ್ಟು: ನಿಂತು ತೋರಬೇಕಾದ ಕೆಲಸಕ್ಕೆ

ಮಲಗಿಸಿ ಬೇಯಿಸಿದ್ದು ಸಾಲದು, ಎದ್ದು ನಿಲ್ಲಬೇಕು, ಒಂದರ ಮೇಲೊಂದು ಸೇರಬೇಕು, ಅಂಚು ಚಾಕುವಿನಿಂದ ಕೊಯ್ದಷ್ಟು ಚೊಕ್ಕವಾಗಿರಬೇಕು ಎಂದಾದರೆ ಈಸ್ಟನ್ನು ಪೂರ್ತಿಯಾಗಿ ಬಿಡಬೇಕಾಗುತ್ತದೆ. ಫ್ರೆಂಚ್ ಬೇಕರಿಗಳವರು ಸತ್ತ ಹಿಟ್ಟು ಎಂದು ಕರೆಯುವ ಇದನ್ನು ನೀರಿಗೆ ಬದಲಾಗಿ ಸಕ್ಕರೆ ಪಾಕದಿಂದ ಕಲಸುತ್ತಾರೆ. ಸಮತೂಕದ ಸಕ್ಕರೆ ಮತ್ತು ನೀರನ್ನು ಕುದಿಸಿ ಆರಿಸಿದ ತೆಳು ಪಾಕ ಸಾಕು. ಎಳೆ ಪಾಕದವರೆಗೆ ಹೋಗಬಾರದು. ಮೈದಾದ ಜೊತೆಗೆ ಯುರೋಪಿನಲ್ಲಿ ರೈ ಹಿಟ್ಟನ್ನು ಬೆರೆಸುತ್ತಾರೆ, ಏಕೆಂದರೆ ರೈ ಧಾನ್ಯದಲ್ಲಿ ಹಿಂದಕ್ಕೆಳೆಯುವ ಗುಣ ಕಡಿಮೆ. ರೈ ನಮ್ಮಲ್ಲಿ ಸುಲಭವಾಗಿ ಸಿಗದು, ಸಿಕ್ಕರೂ ದುಬಾರಿ. ಆ ಜಾಗದಲ್ಲಿ ರಾಗಿಹಿಟ್ಟನ್ನು ಹಾಕಬಹುದು. ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲವಾದ್ದರಿಂದ ಮೈದಾದ ನಾಲ್ಕನೆಯ ಒಂದು ಭಾಗವನ್ನು ತೆಗೆದು ರಾಗಿ ಸೇರಿಸಿದರೆ ಹಿಟ್ಟು ಲಟ್ಟಿಸಿದಲ್ಲಿಯೇ ನಿಲ್ಲುತ್ತದೆ, ಜೊತೆಗೆ ಮರದಂಥ ಕಂದು ಬಣ್ಣವೂ ಬರುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ತೆಳು ಹಾಳೆಗಳು ಎತ್ತುವಾಗ ಮುರಿಯುತ್ತವೆ.

ಕಾಗದದ ಮೇಲೆ ಮೊದಲೇ ಬರೆದುಕೊಂಡ ಮಾದರಿಯನ್ನು ಹಾಳೆಯ ಮೇಲಿಟ್ಟು ಕತ್ತರಿಸಿ, ಬಾಗಿರಬೇಕಾದ ಭಾಗಗಳನ್ನು ಡಬ್ಬಿಯ ಅಥವಾ ಬಾಣಲೆಯ ಬೆನ್ನ ಮೇಲೆ ಹಾಸಿ, ಕಡಿಮೆ ಬಿಸಿಯಲ್ಲಿ ಬಹಳ ಹೊತ್ತು ಒಣಗಿಸುವುದು ಇಲ್ಲಿನ ಕ್ರಮ. ಬಿಡಿ ಭಾಗಗಳನ್ನು ಜೋಡಿಸಲು ಕಾಯಿಸಿ ಕೆಂಪಗಾಗಿಸಿದ ಸಕ್ಕರೆಯೇ ಅಂಟು. ಬಣ್ಣಕ್ಕೆ ಕೋಕೋ, ಅರಿಸಿನ, ಪಾಲಕ್ ಪುಡಿ. ಬೇಕರಿ ಕಲೆಯ ಅತ್ಯುನ್ನತ ಸ್ಪರ್ಧೆಯೆಂದು ಹೆಸರಾದ ಕೂಪ್ ದ್ಯು ಮೋಂದ್ ದ ಲ ಬುಲಾಂಜ್ರಿಯನ್ನು ಕ್ರಿಸ್ತಿಯಾಂ ವಾಬ್ರೆ 1992ರಲ್ಲಿ ಆರಂಭಿಸಿದರು. ಮೂವರ ತಂಡಗಳು ಭಾಗವಹಿಸುವ ಆ ಸ್ಪರ್ಧೆಯಲ್ಲಿ ಕಲಾಕೃತಿಗೇ ಒಂದು ಪ್ರತ್ಯೇಕ ವಿಭಾಗವಿದೆ. ಅಲ್ಲಿ ಕಾಣುವ ಎತ್ತರದ, ತೆಳುವಾದ, ಗಾಳಿಯಲ್ಲಿ ತೇಲುವಂತೆ ತೋರುವ ರೂಪಗಳು ಉಬ್ಬುವ ಹಿಟ್ಟಿನಿಂದ ಮಾತ್ರ ಆಗುವಂಥವಲ್ಲ.

ಬಡಾವಣೆಯ ಬೇಕರಿಯೂ ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಬೆನಿಷಿಯಾ ಎಂಬ ಸಣ್ಣ ಪಟ್ಟಣದ ಒನ್ ಹೌಸ್ ಬೇಕರಿ ಒಳ್ಳೆಯ ಉದಾಹರಣೆ. ಊರಿನ ಬೆದರುಬೊಂಬೆ ಸ್ಪರ್ಧೆಗೆಂದು ತಾಯಿ ಮತ್ತು ಮಗಳು ಸೇರಿ 2022ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರದ ಹೆಪ್ಪುಗಟ್ಟಿಸಿದ ನಾಯಕ ಹ್ಯಾನ್ ಸೋಲೋನನ್ನು ಆರಡಿ ಎತ್ತರದಲ್ಲಿ ಹಿಟ್ಟಿನಿಂದ ಮಾಡಿ, ಪ್ಯಾನ್ ಸೋಲೋ ಎಂದು ಹೆಸರಿಟ್ಟು ಅಂಗಡಿಯ ಮುಂದೆ ನಿಲ್ಲಿಸಿದರು. ಅದರಲ್ಲಿ ಈಸ್ಟ್ ಇಲ್ಲದ, ಸಕ್ಕರೆ ಹೆಚ್ಚಿರುವ ಹಿಟ್ಟನ್ನೂ ಬಳಸಿದ್ದರು, ಹೆಚ್ಚು ದಿನ ತಾಳಲೆಂದು. ದೂರದ ಪತ್ರಿಕೆಗಳೂ ಆ ಪುಟ್ಟ ಅಂಗಡಿಯ ಸುದ್ದಿ ಬರೆದವು. ಪ್ರಚಾರವೇ ಗುರಿಯಾದರೆ ಈ ಹಿಟ್ಟಿಗೆ ಸಾಟಿಯಿಲ್ಲ ಎಂದು ಒಪ್ಪಬೇಕು. ಆದರೆ ಅಂಥ ಕೆಲಸಕ್ಕೆ ವಾರಗಳ ಸಂಜೆಗಳು ಬೇಕು, ಅದನ್ನು ಯಾರೂ ತಿನ್ನುವುದಿಲ್ಲ, ಮತ್ತು ಮೊದಲ ಸಲಕ್ಕೇ ಕೈಹಾಕುವ ಗಾತ್ರ ಅದಲ್ಲ.

ಉಪ್ಪಿನ ಹಿಟ್ಟು, ಮತ್ತು ಗಾಳಿಯ ತೇವ

ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಮುಕ್ಕಾಲು ಲೋಟದಿಂದ ಒಂದು ಲೋಟ ನೀರು. ಮಕ್ಕಳಿಗೂ ಬರುವ, ಎಲ್ಲಕ್ಕಿಂತ ಅಗ್ಗದ ಹಿಟ್ಟು ಇದು. ಉಪ್ಪು ಗ್ಲುಟೆನ್ನಿನ ಎಳೆತವನ್ನು ತಗ್ಗಿಸುವುದಲ್ಲದೆ ಈಸ್ಟನ್ನೂ ಬೂಷ್ಟನ್ನೂ ಬೆಳೆಯಗೊಡುವುದಿಲ್ಲವಾದ್ದರಿಂದ ಗೆರೆ ಗೆರೆಯಾಗಿಯೇ, ಮೂಗು ಮೂಗಾಗಿಯೇ ಉಳಿಯುತ್ತದೆ. ನೂರು ನೂರಿಪ್ಪತ್ತು ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ ವಾರ್ನಿಶ್ ಬಳಿದರೆ ಒಣ ಹವೆಯ ಊರುಗಳಲ್ಲಿ ವರ್ಷಗಟ್ಟಲೆ ಇರುತ್ತದೆ. ಜರ್ಮನಿಯ ಮನೆಗಳಲ್ಲಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಬೊಂಬೆಗಳನ್ನು ಇದರಿಂದಲೇ ಮಾಡುವುದುಂಟು.

ನಮ್ಮಲ್ಲಿ ಇದನ್ನು ನಾನು ಕೊನೆಯ ಆಯ್ಕೆಯಾಗಿ ಇಡುತ್ತೇನೆ, ಅದಕ್ಕೆ ಕಾರಣ ಉಪ್ಪಿನ ಸ್ವಭಾವ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 75ನ್ನು ದಾಟಿದಾಗ ಅಡುಗೆಯುಪ್ಪು ಗಾಳಿಯಿಂದ ನೀರು ಹೀರಿ ತಾನೇ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರಾಡುವುದನ್ನು ಕಂಡ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಸಕ್ಕರೆಗೆ ಇದೇ ಮಿತಿ ಶೇಕಡಾ 85ರ ಸುಮಾರು. ಅಂದರೆ ಗಾಳಿ ತೇವಗೊಳ್ಳುತ್ತ ಹೋದಂತೆ ಮೊದಲು ಸೋಲುವುದು ಉಪ್ಪಿನ ಹಿಟ್ಟು, ಅದಾದ ಮೇಲೆ ಪಾಕದ ಹಿಟ್ಟು. ಉಪ್ಪೂ ಸಕ್ಕರೆಯೂ ಹೆಚ್ಚಿಲ್ಲದ, ಚೆನ್ನಾಗಿ ಒಣಗಿಸಿದ ಸಿವುಡು ಮೆತ್ತಗಾದರೂ ನೀರೊಡೆಯುವುದಿಲ್ಲ, ಮತ್ತೆ ಓವನ್ನಿಗಿಟ್ಟರೆ ಗಟ್ಟಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಕಾರವಾರಗಳಲ್ಲಿ, ಹಾಗೆಯೇ ಆಗುಂಬೆಯ ಆಸುಪಾಸಿನ ಮಲೆನಾಡಿನಲ್ಲಿ ಈ ಎರಡೂ ಮಿತಿಗಳನ್ನು ಗಾಳಿ ದಿನವೂ ದಾಟುತ್ತದೆ. ಬೆಂಗಳೂರಿನಲ್ಲಿ ಮಳೆಗಾಲದ ಬೆಳಗುಗಳನ್ನು ಬಿಟ್ಟರೆ ಇಷ್ಟು ಕಷ್ಟವಿಲ್ಲ, ಕಲಬುರಗಿ ಮತ್ತು ವಿಜಯಪುರಗಳ ಬೇಸಿಗೆಯಲ್ಲಂತೂ ಯಾವ ಹಿಟ್ಟಿನಿಂದ ಮಾಡಿದರೂ ನಡೆಯುತ್ತದೆ. ವಾರ್ನಿಶ್ ಈ ತೇವವನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ಬಳಿಯುವಾಗ ಬಿಟ್ಟುಹೋದ ಒಂದು ಸಾಸಿವೆಯಷ್ಟು ಜಾಗದಿಂದಲೂ ಒಳಗಿನ ಉಪ್ಪು ನೀರೆಳೆಯುತ್ತದೆ, ಆಮೇಲೆ ಪದರ ಗುಳ್ಳೆಯೆದ್ದು ಸುಲಿಯುತ್ತದೆ.

ಎರಡನೆಯ ಕಾರಣ ಸುರಕ್ಷತೆ. ಉಪ್ಪಿನ ಹಿಟ್ಟು ನೋಡಲು ಬಿಸ್ಕತ್ತಿನಂತೆಯೇ ಇರುತ್ತದೆ. ಬೇಕರಿಯ ಕಪಾಟಿನಲ್ಲಿ, ತಿನ್ನುವ ವಸ್ತುಗಳ ನಡುವೆ, ತಿನ್ನಬಾರದ ಬಿಸ್ಕತ್ತೊಂದನ್ನು ಇಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ನಾಯಿಗಳಿಗಂತೂ ಇದು ಅಪಾಯ: ಒಂದು ಸಣ್ಣ ಬೊಂಬೆ ತಿಂದರೂ ರಕ್ತದಲ್ಲಿ ಸೋಡಿಯಂ ಏರಿ ವಾಂತಿ, ನಡುಕ, ಕೆಲವೊಮ್ಮೆ ಸಾವೂ ಸಂಭವಿಸುತ್ತದೆ. ಇಡಲೇಬೇಕೆಂದರೆ ಪ್ರತ್ಯೇಕ ಕಪಾಟಿನಲ್ಲಿ, ‘ಪ್ರದರ್ಶನಕ್ಕೆ ಮಾತ್ರ, ತಿನ್ನಲು ಅಲ್ಲ’ ಎಂಬ ಫಲಕದೊಂದಿಗೆ ಇಡಬೇಕು.

ಈಕ್ವಡಾರ್ ದೇಶದ ಕೀಟೋ ನಗರದ ಬಳಿಯಿರುವ ಕಾಲ್ಡೆರೋನ್ ಊರಿನವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ನವೆಂಬರ್ 2ರ ಹಿರಿಯರ ದಿನಕ್ಕೆ ಶಿಶುವಿನ ಆಕಾರದ ಬ್ರೆಡ್ ಮಾಡುವ ಪದ್ಧತಿಯಿದೆ. ಆ ಪದ್ಧತಿಯಿಂದಲೇ ಹುಟ್ಟಿದ ಬೊಂಬೆಗಳು ಇಂದು ಮೈದಾಕ್ಕೆ ಅಂಟನ್ನೂ ಬಣ್ಣವನ್ನೂ ಬೆರೆಸಿ ಮಾಡುವ ಕರಕುಶಲ ವಸ್ತುಗಳಾಗಿವೆ. ಅವು ಚೆನ್ನಾಗಿ ಬಾಳುತ್ತವೆ, ಆದರೆ ಅವುಗಳ ಜಾಗ ಕರಕುಶಲ ಮಳಿಗೆ. ಬೇಕರಿಯ ಕಿಟಕಿಯಲ್ಲಿರುವ ವಸ್ತು ಆ ಅಂಗಡಿಯ ಓವನ್ನಿನಿಂದ ಬಂದಿದೆ ಎಂಬ ನಂಬಿಕೆಯನ್ನು ಗಿರಾಕಿ ಸಹಜವಾಗಿಯೇ ಇಟ್ಟುಕೊಂಡಿರುತ್ತಾನೆ.

ಕಿಟಕಿಯೊಳಗೆ ಇಟ್ಟ ಮೇಲೆ

ಹಿಟ್ಟು ಯಾವುದೇ ಆಗಲಿ, ಕಿಟಕಿಯಲ್ಲಿ ಅದಕ್ಕೆ ಕಾಟ ಕೊಡುವವರು ಹಲವರು. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ಗಾಜಿನ ಹಿಂದೆ ಮೊಟ್ಟೆಯ ಹೊಳಪು ಬೇಗ ಮಂಕಾಗುತ್ತದೆ, ಅರಿಸಿನದ ಬಣ್ಣ ಎಲ್ಲಕ್ಕಿಂತ ಮೊದಲು ಹಾರಿಹೋಗುತ್ತದೆ. ಪಾಕದ ಹಿಟ್ಟಿಗೆ ಇರುವೆ ಬರುವುದು ಖಚಿತವೆಂದೇ ತಿಳಿದು ಪೀಠದ ಕಾಲುಗಳನ್ನು ನೀರಿನ ಬಟ್ಟಲಲ್ಲಿಡುವುದು ಒಳ್ಳೆಯದು. ಒಣಗಿಸಿದ ಬ್ರೆಡ್ಡಿಗೆ ನಿಜವಾದ ಶತ್ರು ಸಣ್ಣದೊಂದು ಕಂದು ಜೀರುಂಡೆ. ಅದರ ವೈಜ್ಞಾನಿಕ ಹೆಸರು ಸ್ಟೆಗೋಬಿಯಂ ಪ್ಯಾನಿಸಿಯಂ. ಒಣ ಬ್ರೆಡ್ಡಿನಿಂದ ಹಿಡಿದು ಮಸಾಲೆ ಪುಡಿಯವರೆಗೆ ಏನನ್ನಾದರೂ ತಿನ್ನುತ್ತದೆ. ಶಿಲ್ಪದ ಕೆಳಗೆ ಪುಡಿ ಬಿದ್ದು, ಮೈಮೇಲೆ ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಸೇರಿಕೊಂಡಿದೆ ಎಂದರ್ಥ. ಆಗ ಶಿಲ್ಪವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಡೀಪ್ ಫ್ರೀಜರಿನಲ್ಲಿ ಒಂದೆರಡು ವಾರ ಇಡಬೇಕು, ಹೊರತೆಗೆದ ಮೇಲೆ ಅದು ಅಂಗಡಿಯ ಬಿಸಿಗೆ ಬರುವವರೆಗೆ ಸುತ್ತಿದ್ದನ್ನು ಬಿಚ್ಚಬಾರದು. ಬೇಗ ಬಿಚ್ಚಿದರೆ ತಣ್ಣನೆಯ ಮೈಮೇಲೆ ನೀರು ಕೂರುತ್ತದೆ.

ಇನ್ನು ಒಂದು ಶಿಲ್ಪವನ್ನು ಎಂದೆಂದಿಗೂ ಉಳಿಸುವ ಆಸೆಯ ಬಗ್ಗೆ. ಪ್ಯಾರಿಸ್ಸಿನ ಶೆರ್ಶ್-ಮಿದಿ ಬೀದಿಯಲ್ಲಿ 1932ರಲ್ಲಿ ಆರಂಭವಾದ ಪ್ವಾಲಾನ್ ಬೇಕರಿಯ ಲಿಯೊನೆಲ್ ಪ್ವಾಲಾನ್ ಅವರು ಚಿತ್ರಕಾರ ಸಾಲ್ವಡಾರ್ ಡಾಲಿಗಾಗಿ ಬ್ರೆಡ್ಡಿನ ಪೀಠೋಪಕರಣಗಳನ್ನು ಮಾಡಿಕೊಟ್ಟಿದ್ದರು. ಅದೇ ಅಂಗಡಿಯ ಒಳಕೋಣೆಯಲ್ಲಿ ಬ್ರೆಡ್ಡಿನಿಂದಲೇ ಮಾಡಿದ ತೂಗುದೀಪವೊಂದು ಇಂದಿಗೂ ತೂಗುತ್ತಿದೆ. ಬ್ರೆಡ್ ಶಿಲ್ಪವನ್ನು ಹಾಗೆ ಕಾಯಂ ಆಗಿ ಇಡಬಯಸುವವರು ಅದನ್ನು ಬಿಡಿ ಭಾಗಗಳಾಗಿ ಮಾಡಿ, ಕೆಟ್ಟ ಭಾಗವನ್ನಷ್ಟೇ ಹೊಸದಾಗಿ ಬೇಯಿಸಿ ಸೇರಿಸುವಂತೆ ಮೊದಲೇ ಯೋಜಿಸಬೇಕು. ಒಂದೇ ಮುದ್ದೆಯಲ್ಲಿ ಬೇಯಿಸಿದ್ದಕ್ಕೆ ತೇಪೆ ಹಾಕಲಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಕರಾವಳಿಯ ಬೇಕರಿ, ಮಳೆಗಾಲದ ಹಬ್ಬ, ಒಂದು ವಾರದ ಪ್ರದರ್ಶನ: ಕಡಿಮೆ ಈಸ್ಟಿನ ಸಿವುಡು, ವಾರ್ನಿಶ್ ಇಲ್ಲದೆ, ರಾತ್ರಿ ಅಂಗಡಿ ಮುಚ್ಚುವಾಗ ಆರುತ್ತಿರುವ ಓವನ್ನಿನೊಳಗೆ ಇಟ್ಟು ಬೆಳಿಗ್ಗೆ ಹೊರತೆಗೆಯುವ ಕ್ರಮದಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕ್ರಿಸ್‌ಮಸ್ಸಿಗೆಂದು ಡಿಸೆಂಬರ್ ಪೂರ್ತಿ ಇಡುವ ಚರ್ಚಿನ ಮಾದರಿಯೋ ಗೋದಲಿಯೋ ಆದರೆ ಪಾಕದ ಹಿಟ್ಟು, ರಾಗಿ ಬೆರೆಸಿದ್ದು. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಗಾಜಿಗೆ ಮೂಗು ತಾಗಿಸಿ ನಿಲ್ಲುವ ಜಾಗದಲ್ಲಿರುವ ಬೇಕರಿಗೆ ಆಮೆ ಮತ್ತು ಮೊಸಳೆಗಳೇ ಸರಿ, ಪ್ರತಿದಿನ ಹೊಸದಾಗಿ, ಮಾರಾಟಕ್ಕೆ. ಖರ್ಚಿನ ವಿಷಯದಲ್ಲಿ ಒಂದು ಮಾತು: ನಾಲ್ಕರಲ್ಲಿ ಯಾವುದಕ್ಕೂ ಮೈದಾದ ಬೆಲೆ ಹೊರೆಯಾಗುವುದಿಲ್ಲ. ಹೊರೆಯಾಗುವುದು ಕೈಕೆಲಸದ ಹೊತ್ತು ಮತ್ತು ಓವನ್ನಿನ ಜಾಗ. ಬೆಳಗಿನ ಜಾವದ ಬ್ರೆಡ್ಡಿಗೆ ಬೇಕಾದ ಟ್ರೇಯನ್ನು ಸಿವುಡು ಆಕ್ರಮಿಸಿಕೊಂಡರೆ ಆ ದಿನದ ನಷ್ಟ ಒಂದು ಚೀಲ ಮೈದಾಕ್ಕಿಂತ ದೊಡ್ಡದು, ಆದ್ದರಿಂದ ಶಿಲ್ಪದ ಅಗಲವನ್ನು ತೀರ್ಮಾನಿಸುವ ಮೊದಲು ಓವನ್ನಿನ ಬಾಗಿಲನ್ನೂ ಟ್ರೇಯನ್ನೂ ಅಳೆದುಕೊಳ್ಳಬೇಕು.

ಪ್ರದರ್ಶನ ಮುಗಿದ ಮೇಲಿನ ವಿಲೇವಾರಿಯನ್ನೂ ಹಿಟ್ಟೇ ನಿರ್ಧರಿಸುತ್ತದೆ. ಬೂಷ್ಟು ಹಿಡಿಯದ, ವಾರ್ನಿಶ್ ಬಳಿಯದ ಸಿವುಡನ್ನು ಮುರಿದು ಗೊಬ್ಬರದ ಗುಂಡಿಗೆ ಹಾಕಬಹುದು. ವಾರ್ನಿಶ್ ಬಳಿದದ್ದು ಕಸದ ಬುಟ್ಟಿಗೆ. ಉಪ್ಪಿನ ಹಿಟ್ಟಿನದನ್ನು ಗಿಡದ ಬುಡಕ್ಕೂ ಹಾಕಬಾರದು, ಅದು ಮಣ್ಣನ್ನು ಕೆಡಿಸುತ್ತದೆ. ಉಳಿದ ತಿನಿಸನ್ನು ಬೀದಿಯ ಹಸುವಿಗೋ ನಾಯಿಗೋ ಕೊಡುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಇರುವುದರಿಂದ, ಆ ಕೆಲಸ ಮಾಡುವ ಹುಡುಗರಿಗೆ ಯಾವುದನ್ನು ಕೊಡಬಾರದೆಂದು ಮುಂಚಿತವಾಗಿಯೇ ತಿಳಿಸಿರಬೇಕು.